ಸರಿಸಮದ ಲೆಕ್ಕ

ಬೌಲಿಂಗ್ ಎಂದೊಡನೆ ನಮಗೆ ಕ್ರಿಕೆಟ್ಟಿನ ನೆನಪಾಗುವುದು ಸಹಜ. ಅಮೆರಿಕದಲ್ಲಿ ಆ ಹೆಸರಿನ ಆಟವೇ ಬೇರೆ. ನುಣುಪಾದ ಓಣಿಯಲ್ಲಿ ಭಾರವಾದ ಚೆಂಡನ್ನು ಉರುಳಿಸಿ, ತುದಿಯಲ್ಲಿ ನಿಂತ 10 ಗೂಟಗಳನ್ನು ಕೆಡವಬೇಕು. ಒಂದಾಟದ ಪರಮಾವಧಿ 300 ಅಂಕ.

ಅಲ್ಲಿನ ವಿರಾಮದ ಲೀಗುಗಳಲ್ಲಿ ನುರಿತವರೂ ಹೊಸಬರೂ ಜೊತೆಯಾಗಿ ಆಡುತ್ತಾರೆ. ಅವರನ್ನು ಹೋಲಿಸುವುದು ಹೇಗೆ? ಅದಕ್ಕಾಗಿಯೇ ಹ್ಯಾಂಡಿಕ್ಯಾಪ್ ಎಂಬ ಕೂಡಿಕೆಯ ಅಂಕ. ಲೀಗು 200ನ್ನು ಆಧಾರವಾಗಿಟ್ಟು, ಅದಕ್ಕೆ ಕಡಮೆಬಿದ್ದುದರಲ್ಲಿ ಶೇಕಡ 90ರಷ್ಟನ್ನು ತುಂಬಿಕೊಡುತ್ತದೆ ಎನ್ನೋಣ. ಸರಾಸರಿ 150 ಇರುವವನಿಗೆ 45, 190 ಇರುವವನಿಗೆ 9 ಅಂಕ ಸೇರುತ್ತವೆ. ಒಂದು ಸಂಜೆ ಮೊದಲಿನವನು 165, ಎರಡನೆಯವನು 195 ಗಳಿಸಿದರೆ, ಮೊತ್ತ 210 ಮತ್ತು 204. ಗೆಲುವು ಮೊದಲಿನವನದು.

ಹಾಗೆಂದು ಅವನೇ ಮೇಲಾದ ಆಟಗಾರನೆ? ಅಲ್ಲ. ಕೈಯ ಪಳಗಿಕೆಯನ್ನು ತಿಳಿಸುವುದು ಬರಿಯ ಸರಾಸರಿ. ಅಂದು ಯಾರು ತಮ್ಮ ಎಂದಿನ ಆಟವನ್ನು ಹೆಚ್ಚಾಗಿ ಮೀರಿದರೆಂಬುದನ್ನು ಬಹುಮಟ್ಟಿಗೆ ತಿಳಿಸುವುದು ಕೂಡಿಕೆಯ ಮೊತ್ತ. ಪ್ರಶ್ನೆಗಳು ಎರಡಾದುದರಿಂದ, ಎರಡಕ್ಕೂ ಬೇರೆಬೇರೆ ಬಹುಮಾನವಿಡುವ ಲೀಗುಗಳುಂಟು.

ಆದರೆ, ಶ್ರೋತೃಗಳೇ, ಈ ತಕ್ಕಡಿಯೆಲ್ಲ ತೂಗಿರುವುದು ಸರಾಸರಿಯ ಮೇಲೆ. ಬೇಕೆಂದೇ ಕೆಟ್ಟದಾಗಿ ಆಡಿ ಅದನ್ನು ಇಳಿಸಿಕೊಂಡವನು ಜೊತೆಯವರ ಅಂಕವನ್ನೇ ಕದ್ದಂತೆ. ಕೊರತೆಯನ್ನು ಗಣಿತ ತುಂಬೀತು. ಪ್ರಾಮಾಣಿಕತೆಯನ್ನು ಆಟಗಾರನೇ ಮನೆಯಿಂದ ತರಬೇಕು.