ಬಿಚ್ಚಿ ಕಟ್ಟಬಲ್ಲ ಯಂತ್ರ

ಅಮೆರಿಕದ ಅಯೋವಾ ರಾಜ್ಯದ ಮೇಟ್ಯಾಗ್ ಕಂಪನಿ, ಬಟ್ಟೆ ಹಿಂಡುವ ರೋಲರ್‌ಗಳಿದ್ದ ಒಗೆಯುವ ಯಂತ್ರಗಳನ್ನು 1983ರವರೆಗೂ ತಯಾರಿಸಿತು. ಅವನ್ನು ಹುಡುಕಿ, ಮನೆಯಲ್ಲೇ ರಿಪೇರಿ ಮಾಡಿ ಬಳಸುವವರು ಇಂದಿಗೂ ಇದ್ದಾರೆ.

ಹಳೆಯ ಯಂತ್ರ ಸಿಕ್ಕ ಕೂಡಲೇ ಸ್ವಿಚ್ ಒತ್ತುವಂತಿಲ್ಲ. ವೈರಿನ ರಬ್ಬರ್ ಹೊದಿಕೆ ಒಣಗಿ ಬಿರಿದಿದ್ದರೆ, ನೀರಿರುವ ಕಡೆ ಅದು ಪ್ರಾಣಕ್ಕೇ ಕುತ್ತು. ವೈರ್ ಬದಲಿಸಿ, ಅರ್ತಿಂಗ್ ಕೊಟ್ಟು, ಗಟ್ಟಿಯಾದ ಗ್ರೀಸ್ ಕೆರೆದು, ಸೋರುವ ಸೀಲ್ ಬದಲಿಸಿ, ಆಮೇಲಷ್ಟೇ ಮೋಟಾರಿಗೆ ಜೀವ.

ಇಷ್ಟೆಲ್ಲ ಸಾಧ್ಯವಾಗುವುದು ಆ ಯಂತ್ರವನ್ನು ಬಿಚ್ಚಲು ಬರುವಂತೆ ಕಟ್ಟಿದ್ದರಿಂದ. ಇಂದಿನ ಎಷ್ಟೋ ಯಂತ್ರಗಳಲ್ಲಿ ತೊಟ್ಟಿಯನ್ನೇ ಬೆಸೆದಿರುತ್ತಾರೆ. ಒಂದು ಬೇರಿಂಗ್ ಸವೆದರೆ ಇಡೀ ತೊಟ್ಟಿಯೇ ಹೋಗಬೇಕು.

ಕೊಳ್ಳುವಾಗ ಬೆಲೆ ಕೇಳುತ್ತೇವೆ, ಬಣ್ಣ ನೋಡುತ್ತೇವೆ. ಕೆಟ್ಟರೆ ಬಿಚ್ಚಬಹುದೇ, ಬಿಡಿಭಾಗ ಸಿಗುತ್ತದೆಯೇ ಎಂದೂ ಕೇಳೋಣ. ಕೊಳ್ಳುವವರು ಕೇಳದೆ ಮಾರುವವರು ಬದಲಾಗುವುದಿಲ್ಲ.