ರಣಹದ್ದು ಬಿಟ್ಟರಷ್ಟೇ ಸಾಲದು

ಅಳಿವಿನಂಚಿನ ರಣಹದ್ದುಗಳನ್ನು ಸಾಕಿ ಕಾಡಿಗೆ ಬಿಟ್ರೆ ಕೆಲಸ ಮುಗೀತು ಅಂದ್ಕೋತೀವಿ. ಹಾಗಲ್ಲ ಅನ್ನೋದಕ್ಕೆ ನಾನು ಕ್ಯಾಲಿಫೋರ್ನಿಯಾದ ಕಾಂಡೋರ್ ಕಥೆ ಹೇಳ್ತೀನಿ.

1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡೋರನ್ನೂ ಹಿಡಿದು ತಂದರು. ಆಗ ಜಗತ್ತಿನಲ್ಲಿ ಇದ್ದದ್ದು ಬರೀ 27. ಮೃಗಾಲಯದಲ್ಲಿ ಮರಿ ಮಾಡಿಸಿ, 1992ರಿಂದ ಮತ್ತೆ ಬಿಡತೊಡಗಿದರು. ರೆಕ್ಕೆಗೆ ನಂಬರ್ ಪಟ್ಟಿ, ಜೊತೆಗೆ ರೇಡಿಯೊ ಇಲ್ಲವೇ ಜಿಪಿಎಸ್ ಟ್ರಾನ್ಸ್‌ಮಿಟರ್. ಹಕ್ಕಿ ಅಲುಗದೆ ಒಂದೇ ಕಡೆ ಇದ್ದರೆ ಸಿಬ್ಬಂದಿ ಹುಡುಕಿಕೊಂಡು ಹೋಗ್ತಾರೆ. ಸತ್ತ ಹಕ್ಕಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಸೀಸದ ವಿಷ. ಬೇಟೆಗಾರರ ಗುಂಡಿನ ಚೂರು ಮಾಂಸದ ಜೊತೆ ಹೊಟ್ಟೆ ಸೇರ್ತಿತ್ತು. ಕೊನೆಗೆ 2019ರಲ್ಲಿ ಆ ರಾಜ್ಯ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು.

ನಮ್ಮ ದೇಶದಲ್ಲಿ ರಣಹದ್ದುಗಳನ್ನು ಕೊಂದ ವಿಷ ಬೇರೆ: ದನಗಳಿಗೆ ಕೊಡ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾಯ್ತು. ಆದರೆ ಹಕ್ಕಿ ಧಾಮದ ಗಡಿ ನೋಡಿಕೊಂಡು ಹಾರಲ್ಲ. ಅದರ ಊಟ ಇರೋದು ನಮ್ಮ ಕೊಟ್ಟಿಗೆಯಿಂದ ಹೊರಬಿದ್ದ ಸತ್ತ ದನದಲ್ಲಿ. ಹಸು ಸಾಕೋರಿಗೆ ನನ್ನದೊಂದೇ ಮಾತು: ನೋವಿಗೆ ಮೆಲಾಕ್ಸಿಕಾಮ್ ಆಗುತ್ತಾ ಅಂತ ಪಶುವೈದ್ಯರನ್ನ ಕೇಳಿ. ರಣಹದ್ದಿಗೆ ಅದರಿಂದ ಅಪಾಯವಿಲ್ಲ.