ಬರಗಾಲದ ಜೋಳ, ಲೆಕ್ಕ ಬರೆಯುವ ಯಂತ್ರ
(ವಾಚನಾಲಯದ ಆದಿತ್ಯವಾರದ ಸಭೆಯಲ್ಲಿ ಓದಿದ ಭಾಷಣ)



ಹೋದ ವಾರ ಪತ್ರಿಕೆಯ ಮೇಜಿನ ಬಳಿ ಒಂದು ಮಾತು ಎದ್ದಿತು. ಬರ ತಡೆಯುವ ತಳಿಗಳನ್ನು ಹುಡುಕಲು ವಿಜ್ಞಾನಿಗಳು ಯಂತ್ರಮಾನವನನ್ನು, ಅಂದರೆ ರೋಬೋಟನ್ನು, ದುಡಿಸುತ್ತಿದ್ದಾರೆಂದು ಒಬ್ಬರು ಓದಿ ಹೇಳಿದರು. ಕೂಡಲೇ ಇನ್ನೊಬ್ಬರು, "ಯಂತ್ರ ಬಂದು ಗಿರಣಿಯಲ್ಲಿ ಆಳು ಕಡಿಮೆಯಾದರು. ಇನ್ನು ಊರಿನ ಹೊಲಕ್ಕೂ ಬಂತೇ?" ಎಂದರು. ಎಲ್ಲರೂ ನಕ್ಕೆವು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ನಮ್ಮಲ್ಲಿ ಅನೇಕರು ವಿಜಾಪುರ, ಕಲಬುರ್ಗಿ, ಸೊಲ್ಲಾಪುರದ ಕಡೆಯವರು. ಮಳೆ ಕೈಕೊಟ್ಟ ವರ್ಷವೇ ನಮ್ಮ ಅಪ್ಪನೋ ಅಜ್ಜನೋ ಮುಂಬಯಿ ಗಾಡಿ ಹತ್ತಿದ್ದು. ಆದ್ದರಿಂದ ಈ ವಿಷಯವಾಗಿ ಓದಿ ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇವೆ.

ನಮ್ಮ ಕಡೆಯ ಹಿಂಗಾರಿ ಬಿಳಿಜೋಳವನ್ನು ನೆನೆಯಿರಿ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತನೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆ ಕೊನೆಮುಟ್ಟಬೇಕು. ಇದು ಒಂದೇ ಸಲ ಕೈಗೆ ಬರುವ ಪಗಾರದಂತೆ. ಹತ್ತನೆಯ ತಾರೀಖಿನೊಳಗೆ ಪಗಾರ ಮುಗಿಸಿದವನು ಇಪ್ಪತ್ತರ ಹೊತ್ತಿಗೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಕೇಳುತ್ತಾನೆ. ಗಿಡಕ್ಕೆ ಉದ್ರಿ ಕೊಡುವ ಅಂಗಡಿಯಿಲ್ಲ. ಎಳೆತನದಲ್ಲಿ ಎಲೆ ಹರಡಿ ಮೆರೆದ ಗಿಡ ಕಾಳು ಕಟ್ಟುವಾಗ ನೀರಿಲ್ಲದೆ ಒಣಗುತ್ತದೆ, ತೆನೆ ಜೊಳ್ಳಾಗುತ್ತದೆ. ಮೊದಲು ಮಿತವಾಗಿ ಖರ್ಚು ಮಾಡಿದ ಗಿಡಕ್ಕೆ ಕೊನೆಯಲ್ಲಿ ನಾಲ್ಕು ಗುಟುಕು ಉಳಿದಿರುತ್ತದೆ. ಕೆಲವು ತಳಿಗಳು ಮಧ್ಯಾಹ್ನದ ಒಣಹವೆಯಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ಅಷ್ಟಿಷ್ಟು ಮುಚ್ಚಿಕೊಂಡು ನೀರು ಉಳಿಸುತ್ತವೆ. ಬರ ತಡೆಯುವುದೆಂದರೆ ಹೆಚ್ಚಾಗಿ ಈ ಜಮಾಖರ್ಚಿನ ಜಾಣತನವೇ.

ಈ ಜಾಣತನವನ್ನು ಹಿಂದೆ ಕಣ್ಣಿನಿಂದಲೇ ಗುರುತಿಸುತ್ತಿದ್ದರು. ನಾವು ಇಂದಿಗೂ ಉಣ್ಣುವ ಮಾಲದಂಡಿ ಜೋಳದ ಎಂ-35-1 ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಊರಜೋಳದಿಂದ ಆರಿಸಿದರು. ಅಲ್ಲಿ ಯಾವ ರೋಬೋಟೂ ಇರಲಿಲ್ಲ. ಆದರೆ ಕಣ್ಣಿಗೆ ಎಲೆ ಕಾಣುತ್ತದೆ, ಗಿಡ ಗಂಟೆಗೆಷ್ಟು ನೀರು ಖರ್ಚು ಮಾಡಿತೆಂಬುದು ಕಾಣುವುದಿಲ್ಲ. ಅದಕ್ಕೆ ತೂಕ ಬೇಕು. ಗಿರಣಿಯಲ್ಲಿ ನಾವು ನೂಲನ್ನು ಕಣ್ಣಿನಿಂದ ನೋಡಿ ನಂಬರು ಹೇಳುವುದಿಲ್ಲ, ಅಳತೆಯ ಉದ್ದ ಸುತ್ತಿ ತೂಗುತ್ತೇವಷ್ಟೆ. ಇದೂ ಹಾಗೆಯೇ.

ಹೈದರಾಬಾದಿನ ಹತ್ತಿರ, ಸೊಲ್ಲಾಪುರದ ಹೆದ್ದಾರಿಯ ಮೇಲೆ, ಪಟಾನ್‌ಚೆರು ಎಂಬ ಊರಿದೆ. ಹುಮನಾಬಾದಿನ ಮೇಲಿಂದ ಬಸ್ಸಿನಲ್ಲಿ ಹೋದವರು ಆ ಹೆಸರು ಕೇಳಿರಬಹುದು. ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ, ಇಕ್ರಿಸ್ಯಾಟ್, 1972ರಲ್ಲಿ ಸ್ಥಾಪನೆಯಾದದ್ದು ಅಲ್ಲಿ. ಅದರ ಬೀಜಭಂಡಾರದಲ್ಲಿ ಜೋಳದ ಮಾದರಿಗಳೇ 40 ಸಾವಿರಕ್ಕೆ ಮೇಲ್ಪಟ್ಟಿವೆ. ಅಲ್ಲಿ ಎರಡು ಮೀಟರ್ ಉದ್ದದ ಕೊಳವೆಗಳಿಗೆ ಮಣ್ಣು ತುಂಬಿ, ಒಂದೊಂದರಲ್ಲೂ ಗಿಡ ಬೆಳೆಸಿ, ಕೊಳವೆಗಳನ್ನು ಎತ್ತಿ ಎತ್ತಿ ತೂಗುತ್ತಿದ್ದರು. ಕಡಿಮೆಯಾದ ತೂಕವೇ ಗಿಡ ಕುಡಿದ ನೀರು. ಸರಿಯಾದ ಲೆಕ್ಕವೇ, ಆದರೆ ಸಾವಿರಾರು ಗಿಡಗಳನ್ನು ಉರಿಬಿಸಿಲಿನಲ್ಲಿ ಗಂಟೆಗಂಟೆಗೆ ತೂಗಲು ಎಷ್ಟು ಜನ ಸಾಕು?

ಇಲ್ಲಿಗೆ ಯಂತ್ರ ಬಂತು. ವಿನ್ಸೆಂಟ್ ವಾಡೆಜ್ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದ ಈ ಏರ್ಪಾಟಿಗೆ ಲೀಸಿಸ್ಕ್ಯಾನ್ ಎಂದು ಹೆಸರು. ರೋಬೋಟ್ ಎಂದರೆ ಕೈಕಾಲುಳ್ಳ ಲೋಹದ ಮನುಷ್ಯನೆಂದು ತಿಳಿಯಬೇಡಿ. ಗಿಡಗಳ ಸಾಲುಗಳ ಮೇಲೆ ಹಳಿಯ ಮೇಲಿನ ಗಾಡಿಯಂತೆ ಓಡಾಡುವ ಒಂದು ಕಣ್ಣು ಅದು. ಲೇಸರ್ ಕಿರಣ ಚೆಲ್ಲಿ ಎಲೆಗಳ ಅಗಲವನ್ನು ಹಗಲಿರುಳೂ ಅಳೆಯುತ್ತದೆ. ಗಿಡಗಳ ಕೆಳಗಿನ ತೂಕದ ಯಂತ್ರಗಳು ನೀರಿನ ಖರ್ಚನ್ನು ಬರೆಯುತ್ತವೆ. ದಿಲ್ಲಿಯಲ್ಲಿ 2017ರಲ್ಲಿ ಆರಂಭವಾದ ನಾನಾಜಿ ದೇಶಮುಖ್ ಕೇಂದ್ರದಲ್ಲಿ ಕುಂಡಗಳೇ ಚಲಿಸುವ ಪಟ್ಟಿಯ ಮೇಲೆ ಸಾಗಿ ಕ್ಯಾಮರಾದ ಮುಂದೆ ನಿಲ್ಲುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲೂ ತೂಕದಿಂದ ಗಿಡದ ನೀರು ಅಳೆಯುವ ಏರ್ಪಾಟಿದೆ. ಒಟ್ಟಿನಲ್ಲಿ ಯಂತ್ರ ಮಾಡುವುದು ಗುಮಾಸ್ತನ ಕೆಲಸ. ನಮ್ಮಂಥವರಿಗೆ ಇದು ತಿಳಿಯದ ವಿದ್ಯೆಯೇನಲ್ಲ!

ಹಾಗಾದರೆ ಆ ಗೆಳೆಯರ ಪ್ರಶ್ನೆಗೆ ಉತ್ತರವೇನು? ಯಂತ್ರ ತಳಿಯನ್ನು ಸೃಷ್ಟಿಸುವುದಿಲ್ಲ. ಜೋಳದ ಪುಟ್ಟ ಹೂವಿನಿಂದ ಕೇಸರ ಬಿಡಿಸಿ ಬೇರೆ ತಳಿಯ ಪರಾಗ ತಾಕಿಸುವ ಕೆಲಸ ಇನ್ನೂ ಕೈಯದೇ. ಆಮೇಲೆ ಹಲವು ಊರುಗಳ ಹೊಲದಲ್ಲಿ, ಹಲವು ವರ್ಷ ಪರೀಕ್ಷೆಯಾಗಬೇಕು. ನೀರು ಉಳಿಸುವ ಗಿಡ ಒಳ್ಳೆಯ ಮಳೆಯ ವರ್ಷದಲ್ಲಿ ಇಳುವರಿಯಲ್ಲಿ ಹಿಂದೆ ಬೀಳಲೂಬಹುದು. ರೊಟ್ಟಿ ಮೆತ್ತಗಾದೀತೇ, ಕಣಿಕೆಯನ್ನು ಎತ್ತು ತಿಂದೀತೇ ಎಂಬುದನ್ನು ಒಕ್ಕಲಿಗನ ಮನೆಯಲ್ಲೇ ಕೇಳಬೇಕು. ಆದ್ದರಿಂದ ಈ ಯಂತ್ರ ಯಾರ ಕೈಯ ಕುಂಟೆಯನ್ನೂ ಕಸಿದುಕೊಳ್ಳದು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಹೊರಬರುವ ಬೀಜ ಯಾರ ಕೈಯಲ್ಲಿರುತ್ತದೆ? ಮಾಲದಂಡಿಯನ್ನು ರೈತ ತಾನೇ ತೆಗೆದಿಟ್ಟು ಮರುವರ್ಷ ಬಿತ್ತಬಲ್ಲ. ಸಂಕರ ಬೀಜವನ್ನಾದರೆ ಪ್ರತಿವರ್ಷ ಕೊಳ್ಳಬೇಕು. ಬರದ ವರ್ಷದಲ್ಲಿ ಕೊಳ್ಳಲು ಹಣವೆಲ್ಲಿ?

ಇನ್ನೊಂದು ಮಾತು. ಕಾಳು ಕಟ್ಟುವವರೆಗೂ ಹಸಿರಾಗಿ ಉಳಿಯುವ ಗುಣಕ್ಕೆ ಹೆಸರಾದ ಬಿ-35 ಎಂಬ ಜೋಳದ ಮೂಲ ಇಥಿಯೋಪಿಯಾದ ಒಂದು ನಾಡತಳಿ. ಪಟಾನ್‌ಚೆರುವಿನಲ್ಲಿ ಆ ಗುಣವನ್ನು ಬೇರೆ ತಳಿಗಳಿಗೆ ತಂದು ಪರೀಕ್ಷಿಸಿದ್ದಾರೆ. ಆ ದೂರದ ನಾಡಿನ ಒಕ್ಕಲಿಗರು ತಲೆತಲಾಂತರದಿಂದ ಆ ಬೀಜವನ್ನು ಉಳಿಸದಿದ್ದರೆ ಯಂತ್ರ ಏನನ್ನು ತೂಗುತ್ತಿತ್ತು? ಯಂತ್ರ ಎಷ್ಟೇ ಚುರುಕಾಗಿರಲಿ, ಉಳಿದದ್ದರಲ್ಲಿ ಮಾತ್ರ ಆರಿಸಬಲ್ಲದು.

ಆದ್ದರಿಂದ ನಮ್ಮದೊಂದು ಸಣ್ಣ ವಿನಂತಿ. ಈ ಸಲ ಊರಿಗೆ ಹೋದಾಗ, ಇಲ್ಲವೆ ಫೋನಿನಲ್ಲಿ ಮಾತನಾಡುವಾಗ, ಮನೆಯ ಹಿರಿಯರನ್ನು ಕೇಳಿ: ಅಜ್ಜಿ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದ ಹಳೆಯ ಜೋಳ ಇನ್ನೂ ಯಾರ ಮನೆಯಲ್ಲಾದರೂ ಇದೆಯೇ? ಇದ್ದರೆ ಒಂದು ಸಾಲಾದರೂ ಬಿತ್ತಿ ಉಳಿಸಲು ಹೇಳಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಂದು ಹಿಡಿ ತೋರಿಸಲಿ. ನಾವು ಊರು ಬಿಟ್ಟೆವು, ಬೀಜವಾದರೂ ಊರಿನಲ್ಲಿರಲಿ.